ಕ್ರೋಮಿನ ಮೇಲಿನ ಉಬ್ಬು

ಮುದುಕ ಫಿಟ್ಜ್‌ರಾಯ್‌ಗೆ ಕಿವಿ ಮಂದವಾಗಿದೆ ಎಂದು ಮೊದಲು ಹೇಳಿದವರು ಯಾರೆಂದು ತಂಡದ ತಾಲೀಮು ನಡೆಯುವ ನಮ್ಮ ಪ್ಯಾನ್ ಯಾರ್ಡಿನಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ. ಕಾರ್ನಿವಲ್‌ಗೆ ಐದು ವಾರವಿರುವಾಗ ಮಾತ್ರ ಲಾವೆಂಟಿಲ್ ಗುಡ್ಡದ ತುಂಬ ಅದೇ ಮಾತು. ಮೂವತ್ತು ವರ್ಷದಿಂದ ನಮ್ಮ ವಾದ್ಯತಂಡದ ಪ್ಯಾನುಗಳಿಗೆ, ಎಂದರೆ ಉಕ್ಕಿನ ಪೀಪಾಯಿಯಿಂದ ಮಾಡಿದ ವಾದ್ಯಗಳಿಗೆ, ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಸ್ವರ ಕೂಡಿಸಿದವನು ಅವನೇ. ಈ ಸಲ ಅವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಕ್ಯಾಪ್ಟನ್ ಡೆಂಜಿಲ್ ವಿಶ್ವವಿದ್ಯಾಲಯದಿಂದ ಇಂದ್ರಾಣಿ ಮಹಾಬೀರ್ ಎಂಬಾಕೆಯನ್ನು ಅವಳ ಕ್ಯಾಮೆರಾ, ಪರದೆಗಳ ಸಮೇತ ಕರೆಸಿದ. ಕಿವಿಯ ಜಗಳಕ್ಕೆ ಕಣ್ಣಿನ ಸಾಕ್ಷಿ.

"ನಿನ್ ಕ್ಯಾಮೆರಾಗೆ ಏನಮ್ಮಾ ಕಾಣುತ್ತೆ?" ಎಂದ ಫಿಟ್ಜ್‌ರಾಯ್. "ಕ್ರೋಮ್ ಹಾಕಿದ ಪ್ಯಾನಲ್ಲಿ ನಿನ್ ಮುಖಾನೇ ಕಾಣೋದು."

"ಅದಕ್ಕೇ ಅಂಕಲ್, ನಾನು ಪ್ಯಾನ್ ನೋಡಲ್ಲ. ಈ ಪರದೆ ಮೇಲೆ ಕಪ್ಪು-ಬಿಳಿ ಪಟ್ಟೆ ಓಡಿಸ್ತೀನಿ. ಪ್ಯಾನಲ್ಲಿ ಅವು ಎಲ್ಲಿ ಸೊಟ್ಟಗೆ ಕಾಣುತ್ವೆ ನೋಡ್ತೀನಿ. ಅದರಿಂದ ಉಬ್ಬು ತಗ್ಗು ಲೆಕ್ಕ ಹಾಕೋದು ಕಂಪ್ಯೂಟರ್."

ಫಿಟ್ಜ್‌ರಾಯ್ ತಲೆಯ ಮೇಲಿನ ಟ್ಯೂಬ್‌ಲೈಟನ್ನು ದಿಟ್ಟಿಸಿದ. ಅದರ ಗೆರೆ ಪ್ಯಾನಿನಲ್ಲಿ ಎಲ್ಲಿ ಬಾಗುತ್ತದೆಂದು ನೋಡಿಯೇ ಅವನು ಸುತ್ತಿಗೆ ಎತ್ತುತ್ತಿದ್ದುದು. ತನ್ನ ವಿದ್ಯೆಯನ್ನು ಯಾರೋ ಕದ್ದು ಪೆಟ್ಟಿಗೆಗೆ ತುಂಬಿದ್ದಾರೆಂದು ಅವನಿಗೆ ಖಾತ್ರಿಯಾದಂತಿತ್ತು.

ನಮ್ಮವರಿಗೆ ಇಣುಕಿ ನೋಡದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ಇಪ್ಪತ್ತು ಜನ ಪ್ಯಾನಿನ ಸುತ್ತ ಬಗ್ಗಿದೆವು. ಎಲ್ಲರಿಗಿಂತ ಮುಂದೆ, ಕೊರಳಿನ ಚಿನ್ನದ ಸರ ಜೋಲಾಡಿಸುತ್ತ, ಡೆಂಜಿಲ್. ಕಂಪ್ಯೂಟರಿನಲ್ಲಿ ಚಿತ್ರ ಮೂಡಿತು: ಎಫ್ ಶಾರ್ಪ್ ಸ್ವರ ನುಡಿಸುವ ಜಾಗದ ನಡುವೆ ಕೆಂಪಗೆ ಒಂದು ಉಬ್ಬು.

"ನೋಡ್ರಪ್ಪಾ," ಎಂದ ಡೆಂಜಿಲ್. "ಎಫ್ ಶಾರ್ಪ್ ಕೆಟ್ಟಿದೆ ಅಂತ ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂದ್ರಿ."

ಫಿಟ್ಜ್‌ರಾಯ್ ಆ ಉಬ್ಬನ್ನೂ ಡೆಂಜಿಲನ ಸರವನ್ನೂ ನೋಡಿದ. "ಕ್ಯಾಪ್ಟನ್ನೇ, ಸ್ವಲ್ಪ ಈ ಕಡೆ ಬಂದು ನಿಂತ್ಕೋ. ಅಮ್ಮಾ, ಇನ್ನೊಂದ್ಸಲ ತೆಗಿ."

ಈ ಸಲ ಉಬ್ಬು ಎರಡು ಸ್ವರ ದಾಟಿ ಕೂತಿತ್ತು.

"ಕಾಲು ಬಂದಿದೆ ಅದಕ್ಕೆ," ಎಂದ ಫಿಟ್ಜ್‌ರಾಯ್.

ಇಂದ್ರಾಣಿ ನಾಲಿಗೆ ಕಚ್ಚಿಕೊಂಡಳು. ಸರದ ಮಿಂಚು ಪಟ್ಟೆಗಳ ನಡುವೆ ಹೊಕ್ಕು ಲೆಕ್ಕ ಕೆಡಿಸಿತ್ತು. ಎಲ್ಲರನ್ನೂ ಗೇಟಿನಾಚೆಗೆ ಅಟ್ಟಿದಳು. ಪ್ಯಾನ್ ಹಿಡಿಯುವವನೆಂಬ ನೆಪದಲ್ಲಿ ನಾನು ಉಳಿದೆ. ಮೂರನೆಯ ಚಿತ್ರದಲ್ಲಿ ಎಫ್ ಶಾರ್ಪ್ ನುಣುಪಾಗಿತ್ತು. ಆದರೆ ಅಂಚಿನ ಡಿ ಸ್ವರದಲ್ಲಿ, ಯಾರೂ ದೂರು ಹೇಳದಿದ್ದ ಕಡೆ, ಒಂದು ಸಣ್ಣ ತಗ್ಗು.

ಮುದುಕ ಟ್ಯೂಬ್‌ಲೈಟಿನಡಿ ಪ್ಯಾನನ್ನು ಅತ್ತಿತ್ತ ಓಲಾಡಿಸಿದ.

"ಅಂಕಲ್," ಇಂದ್ರಾಣಿ ದನಿ ತಗ್ಗಿಸಿದಳು, "ಇದನ್ನ ಅವರಿಗೆ ತೋರಿಸ್ಲೇಬೇಕು ಅಂತೇನಿಲ್ಲ."

ಅವನು ಅವಳನ್ನು ಕಳ್ಳಿಯನ್ನು ನೋಡುವಂತೆ ನೋಡಿದ. "ಇರೋದನ್ನ ತೋರ್ಸು. ಇದು ನಂದೇ. ಕಿವಿಗೆ ಬೀಳ್ಲಿಲ್ಲ." ಸುತ್ತಿಗೆ ತೆಗೆದುಕೊಂಡು ಅಡಿಯಿಂದ ಹನ್ನೊಂದು ಪೆಟ್ಟು ಹಾಕಿದ. "ಈಗ ಮತ್ತೆ ತೆಗಿ."

ಡೆಂಜಿಲ್ ಒಳಬಂದು ತಗ್ಗಿದ್ದ ಚಿತ್ರವನ್ನೂ ತಗ್ಗು ಹೋದ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡ. "ತಪ್ಪಿದೆ ಅಂತ ನಾನು ಹೇಳಿರ್ಲಿಲ್ವಾ?"

"ನೀನು ಹೇಳಿದ್ದೆ. ಬೇರೆ ಸ್ವರಾನ," ಎಂದ ಫಿಟ್ಜ್‌ರಾಯ್.

ಡೆಂಜಿಲ್ ಕೋಲು ಹಿಡಿದು ಡಿ ಸ್ವರವನ್ನು ನಾಲ್ಕು ಬಾರಿ ನುಡಿಸಿದ. ಪ್ರತಿ ಸಲವೂ ಹುಬ್ಬು ಗಂಟಿಕ್ಕಿ ಕಾದ. ದೂರಲು ಏನೂ ಸಿಗಲಿಲ್ಲ.

"ಮಿಕ್ಕ ಪ್ಯಾನುಗಳಿಗೂ ಸ್ವರ ಕೂಡಿಸೋದು ಗುರುವಾರದೊಳಗೆ ಆಗ್ಬೇಕು," ಎಂದ.

"ಆಗುತ್ತೆ," ಎಂದ ಫಿಟ್ಜ್‌ರಾಯ್. "ಈ ಹುಡುಗೀನೂ ಬರ್ಲಿ. ನೀನು ಮನೇಲಿರು."