ಮುಂದಿನ ಪೆಡಲು

ದಿಬ್ಬ ಕಂಡ ಕೂಡಲೇ ಅಂಬರೀಷ ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಒಮ್ಮೆ ಊದಿದ. ಸೈಕಲ್ಲಿನಲ್ಲಿ ಅವನ ಹಿಂದೆ ಕೂತಿದ್ದ ಕರುಣಾ ಮುಂದಕ್ಕೆ ಬಾಗಿ ಜೋರಾಗಿ ತುಳಿಯತೊಡಗಿದಳು. ಒಂದು ಸಲ ಊದಿದರೆ ತುಳಿ, ಎರಡು ಸಲ ಊದಿದರೆ ಬಿಡು. ಧಾರವಾಡದ ಮಾಳಮಡ್ಡಿಯ ಮನೆ ಬಿಡುವಾಗಲೇ ಇದು ಇಬ್ಬರ ನಡುವೆ ಠರಾವಾಗಿತ್ತು. ರೇನ್‌ಕೋಟಿನ ಟೊಪ್ಪಿಗೆಯ ಮೇಲೆ ಮಳೆ ಪಟಪಟ ಬಡಿಯುವಾಗ ಮುಂದಿನವನ ಮಾತು ಹಿಂದಿನವಳಿಗೆ ಕೇಳುವುದಿಲ್ಲ. ಹೈಸ್ಕೂಲಿನ ಪಿ.ಟಿ. ಮಾಸ್ತರನಾದ ಅವನಿಗೆ ಸೀಟಿ ಹೊಸದಲ್ಲ; ಹೆಂಡತಿಗೆ ಊದುವುದು ಮಾತ್ರ ಹೊಸದು.

"ನಾ ಏನ್ ನಿಮ್ಮ ಎಂಟನೇತ್ತಾ ಹುಡುಗ್ರಂಗ ಕಾಣ್ತೇನೇನ್ರಿ?" ಎಂದು ಹೊರಡುವಾಗ ಕರುಣಾ ನಕ್ಕಿದ್ದಳು. "ತಪ್ಪು ತುಳದ್ರ ಮೈದಾನ ಸುತ್ತು ಹಾಕಸ್ತೀರೇನು?"

ಸೈಕಲ್ಲು ಕಮರಿಪೇಟೆಯ ಕಾಸಿಮಸಾಬ ಮಾಡಿಕೊಟ್ಟದ್ದು. ಎರಡು ಹಳೆಯ ಸೈಕಲ್ಲುಗಳನ್ನು ಕೊಯ್ದು, ಬೆಸೆದು, ಇಬ್ಬರು ಒಬ್ಬರ ಹಿಂದೊಬ್ಬರು ಕೂತು ತುಳಿಯುವಂತೆ ಒಂದು ಮಾಡಿದ್ದ. ಮುಂದಿನ ಪೆಡಲಿಗೂ ಹಿಂದಿನ ಪೆಡಲಿಗೂ ನಡುವೆ ಒಂದು ಚೈನು. ಒಂದು ತಿರುಗಿದರೆ ಇನ್ನೊಂದು ತಿರುಗಲೇಬೇಕು. "ಇದರಾಗ ಒಂದ ಫಜೀತಿ ಐತ್ರಿ ಸರ," ಎಂದಿದ್ದ ಕಾಸಿಮಸಾಬ. "ಯಾರು ತುಳ್ಯಾಕತ್ತಾರ, ಯಾರು ಸುಮ್ನ ಕುಂತಾರ, ನೋಡಿದವ್ರಿಗೆ ತಿಳ್ಯೂದಿಲ್ಲ. ಅಕ್ಕಾರು ಹಿಂದ ಕುಂತು ಮಜಾ ಮಾಡಿದ್ರ ನಾ ಜವಾಬ್ದಾರ ಅಲ್ಲ." ಮುಂದಿನ ಪೆಡಲುಗಳಿಗೆ ಮಾತ್ರ ಪಾದ ಜಾರದಂತೆ ಚರ್ಮದ ಪಟ್ಟಾ ಇತ್ತು. ಹಿಂದಿನವಕ್ಕೆ ಇರಲಿಲ್ಲ. ಹ್ಯಾಂಡಲ್ ಹಿಡಿಯುವವನಿಗೆ ಬೇಕಾಗುತ್ತದೆಂದು ಕಾಸಿಮಸಾಬನೇ ಹಾಕಿರಬೇಕು ಎಂದುಕೊಂಡು ಅಂಬರೀಷ ಕೇಳಲು ಹೋಗಿರಲಿಲ್ಲ.

ಆ ಫಜೀತಿಯೇ ಅವನಿಗೆ ಬೇಕಾಗಿತ್ತು. ಬೇಸಿಗೆಯಲ್ಲಿ ಹುಬ್ಬಳ್ಳಿಯ ನರರೋಗದ ಡಾಕ್ಟರು, ಎದುರಿಗೆ ಅವನೊಬ್ಬನೇ ಕೂತಿದ್ದಾಗ, ಮೆಲ್ಲಗೆ ಹೇಳಿದ್ದರು: ಸ್ನಾಯುಗಳಿಗೆ ಹೋಗುವ ನರಗಳು ಒಂದೊಂದಾಗಿ ಸಾಯುತ್ತಿವೆ. ಮೊದಲು ಕಾಲು, ಆಮೇಲೆ ಕೈ, ಆಮೇಲೆ ಮಾತು, ಕಡೆಗೆ ಉಸಿರು. ಔಷಧದಿಂದ ಸ್ವಲ್ಪ ತಡವಾಗಬಹುದು, ನಿಲ್ಲುವುದಿಲ್ಲ. ಮನೆಗೆ ಬಂದು ಅವನು ಕರುಣಾಳಿಗೆ ಹೇಳಿದ್ದು ವಿಟಮಿನ್ ಕಡಿಮೆಯಾಗಿದೆ ಎಂದು. ಮದುವೆಯ ಹೊಸತರಲ್ಲಿ, ಸೈಕಲ್ಲಿನ ಮೇಲೆ ಕಾರವಾರಕ್ಕೆ ಕರೆದೊಯ್ದು ಸಮುದ್ರ ತೋರಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದ. ಆ ಒಂದು ಮಾತನ್ನಾದರೂ ತಾನು ಮುಂದೆ ಕೂತು, ತನ್ನ ಕಾಲಿನಿಂದ, ಅವಳಿಗೆ ಏನೂ ತಿಳಿಯುವ ಮೊದಲು ನಡೆಸಿಕೊಡಬೇಕಾಗಿತ್ತು.

"ಮಳಿ ನಿಲ್ಲಲಿ, ದಸರಾ ಸೂಟಿಯಾಗ ಹೋಗೂಣು," ಅಂದಿದ್ದಳು ಅವಳು.

"ಆಗ ಆಗೂದಿಲ್ಲ," ಎಂದಿದ್ದ.

ಯಾಕೆ ಎಂದು ಅವಳು ಕೇಳಲಿಲ್ಲ. ಕೇಳದೇ ಇದ್ದದ್ದು ಅವನಿಗೆ ಆಗ ಸಮಾಧಾನವನ್ನೇ ತಂದಿತ್ತು.

ಹಳಿಯಾಳ ರಸ್ತೆ ಅಲ್ಲಲ್ಲಿ ಕಿತ್ತುಹೋಗಿತ್ತು. ಹೊಲದಿಂದ ಟ್ರ್ಯಾಕ್ಟರುಗಳು ಹೊತ್ತು ತಂದ ಎರೆಮಣ್ಣು ಡಾಂಬರಿನ ಮೇಲೆ ಹರಡಿ, ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ಸೇರಿಕೊಳ್ಳುತ್ತಿತ್ತು. ದಿಬ್ಬದ ಅರ್ಧಕ್ಕೆ ಬಂದಾಗ ಅವನ ಬಲಗಾಲು ಒತ್ತುವುದನ್ನು ಬಿಟ್ಟಿತು. ನೋವಿರಲಿಲ್ಲ. ನೋವಾದರೂ ಇದ್ದಿದ್ದರೆ ಆಗುತ್ತಿತ್ತು. ಒತ್ತು, ಒತ್ತು ಎಂದು ಮನಸ್ಸಿನಲ್ಲೇ ಹೇಳಿದ. ಕಾಲಿಗೆ ಆ ಮಾತು ಮುಟ್ಟಲಿಲ್ಲ. ಪಟ್ಟಾದಲ್ಲಿ ಸಿಕ್ಕಿಕೊಂಡ ಪಾದ ಪೆಡಲಿನ ಜೊತೆ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಎಡಗಾಲೂ ಸೋತಿತು.

ಮಳೆ ತುಸು ಹಿಂದೆಗೆದಿತ್ತು. ಗೊಬ್ಬರದ ಚೀಲವನ್ನು ತಲೆಗೆ ಹೊದ್ದು ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಎದ್ದು ನಿಂತು ಕೈ ಬೀಸಿದರು. "ಏ, ನೋಡ್ರೇ! ಗಂಡ ಹೆಂಡ್ತಿ ಜೋಡಿಲೇ ತುಳಕೊಂತ ಹೊಂಟಾರ!" ಎಂದು ಒಬ್ಬಳು ಕೂಗಿದಳು. ಉಳಿದವರು ನಕ್ಕರು.

ಕರುಣಾ ಈಗ ಬೈಯುತ್ತಾಳೆ, ಈಗ ನಿಲ್ಲಿಸು ಅನ್ನುತ್ತಾಳೆ ಎಂದು ಅವನು ಕಾದ. ಹಿಂದಿನಿಂದ ಬರುತ್ತಿದ್ದದ್ದು ಅವಳ ಏದುಸಿರು ಮಾತ್ರ. ಸೈಕಲ್ಲು ನಿಧಾನವಾಗಿ, ಆದರೆ ಎಲ್ಲೂ ನಿಲ್ಲದೆ ದಿಬ್ಬ ಏರಿತು. ಮುಂದೆ ಇನ್ನೊಂದು ಏರು ಕಂಡಾಗ ಅವನು ಬೇಕೆಂದೇ ಸೀಟಿ ಊದಲಿಲ್ಲ. ಏರು ಶುರುವಾಗುವ ಮೊದಲೇ, ಅವನ ಬೆನ್ನ ಹಿಂದೆ ಅವಳು ಬಾಗಿದ್ದು, ಉಸಿರು ಬಿಗಿಹಿಡಿದದ್ದು ತಿಳಿಯಿತು. ಅವನ ಎರಡೂ ಕಾಲುಗಳು ತಾವಾಗಿಯೇ ಜೋರಾಗಿ ತಿರುಗತೊಡಗಿದವು. ಅವಳಿಗೆ ಸೀಟಿ ಬೇಕೇ ಇರಲಿಲ್ಲ; ಮುಂಜಾನೆಯಿಂದ ಊದಿದ್ದೆಲ್ಲ ತಾನು ತನಗೇ ಊದಿಕೊಂಡದ್ದು ಎನ್ನಿಸಿತು. ಸೀಟಿ ಬಾಯಿಂದ ಜಾರಿ ಎದೆಯ ಮೇಲೆ ತೂಗಾಡಿತು.

ಏರು ಮುಗಿದಲ್ಲಿ ಒಂದು ತಗಡಿನ ಚಹಾದಂಗಡಿ. ಕರುಣಾ ಮೊದಲು ಇಳಿದು, ಸೈಕಲ್ಲನ್ನು ಸೊಂಟಕ್ಕೆ ಆನಿಸಿಕೊಂಡು, ಬಗ್ಗಿ ಅವನ ಎರಡೂ ಪಾದಗಳ ಪಟ್ಟಾ ಬಿಚ್ಚಿದಳು. ಬಕಲ್ಲು ಯಾವ ಮಗ್ಗುಲಿಗಿದೆ ಎಂದು ಅವಳು ನೋಡಲೂ ಇಲ್ಲ. ಬೆರಳು ನೇರ ಅಲ್ಲಿಗೇ ಹೋದವು. ಅಂಬರೀಷ ಅದನ್ನು ನೋಡಿದ.

ಅಂಗಡಿಯ ಕಾಳವ್ವ ಒಲೆಯ ಮುಂದಿನಿಂದಲೇ ಮಾತಾಡಿಸಿದಳು. "ಪುಷ್ಯ ಮಳಿ ಹಿಂಗ ಹೊಡಿಯಾಕತ್ತೈತಿ, ಇದರಾಗ ಸೈಕಲ್ ಸವಾರಿ! ಜಗಳಾಡಿ ಮನಿ ಬಿಟ್ಟ ಬಂದೀರೇನ?"

"ಜಗಳಾಡಿದ್ರ ಒಂದ ಸೈಕಲ್ ಮ್ಯಾಲ ಬರ್ತಿದ್ವೇನ ಯವ್ವಾ?"

"ಅದೂ ಖರೇನ. ನಿನಗೇನ ಬಿಡು, ಹಿಂದ ಆರಾಮ ಕುಂತ ಬಂದಿ. ತುಳ್ಯಾವ್ರು ಮುಂದ ಅದಾರಲ್ಲ."

"ಹೂಂನವ್ವಾ," ಎಂದಳು ಕರುಣಾ. ಅವಳ ತೊಡೆಗಳು ಇನ್ನೂ ನಡುಗುತ್ತಿದ್ದವು. "ನಾ ಬರೇ ಕುಂತಿರ್ತೇನಿ. ಎಲ್ಲಾ ಅವ್ರದ."

ಚಹಾ ಕೊಟ್ಟು ಕಾಳವ್ವ ಕಟ್ಟಿಗೆ ತರಲು ಹಿತ್ತಲಿಗೆ ಹೋದಳು. ಅಂಬರೀಷ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

"ಅಕಿಗೆ ಯಾಕ ಸುಳ್ಳ ಹೇಳಿದಿ?"

"ನೀವು ನನಗ ಹೇಳಲಿಲ್ಲೇನು, ವಿಟಮಿನ್ ಅಂತ? ಹಂಗ."

ತಗಡಿನ ಮೇಲೆ ಮಳೆ ಜೋರಾಯಿತು. ಸ್ವಲ್ಪ ಹೊತ್ತಿಗೆ ಇಳಿಯಿತು.

"ಯಾವಾಗ ತಿಳೀತು?" ಎಂದ.

"ನಿಮ್ಮ ಚಪ್ಲಿ ನೋಡಿ. ಬಲಗಾಲಿಂದು ತುದಿಯಷ್ಟ ಸವದಿತ್ತು. ನೀವು ಕಾಲ ಎತ್ತಿ ಇಡಾಕತ್ತಿಲ್ಲ, ಎಳದ ಇಡಾಕತ್ತೀರಿ ಅಂತ ಆವತ್ತ ತಿಳೀತು. ಆ ಪಟ್ಟಾ ಹಾಕ್ರಿ ಅಂತ ಕಾಸಿಮಕಾಕಾಗ ಹೇಳಿದಾಕಿ ನಾನ."

"ಇವತ್ತು ಕಾಲು ಸೋಲಾಕತ್ತದ್ದು?"

"ಧಾರವಾಡ ದಾಟೂ ಮೊದಲ." ಅವಳು ಚಹಾ ಊದಿಕೊಂಡಳು. "ಮದ್ವಿ ಆಗೂತನಾ ಗರಗದಾಗ ಮಗ್ಗ ತುಳದಾಕಿ ನಾ. ಹಗ್ಗ ಸಡ್ಲಾದ್ರ ಕಣ್ಣಿಗಿಂತ ಮೊದಲ ಕಾಲಿಗೆ ತಿಳೀತೈತ್ರಿ. ನೀವು ಸೀಟಿ ಊದ್ತಿದ್ರಿ, ಪೆಡಲ್ ಹಗರ ಆಗ್ತಿರಲಿಲ್ಲ."

"ಮನಿಗೆ ಹೋಗೂಣು, ಕರುಣಾ."

"ಯಾಕ? ಸಮುದ್ರ ಏನ್ ಓಡಿ ಹೊಕ್ಕೈತೇನು? ನೀವು ಹ್ಯಾಂಡಲ್ ಹಿಡಕೊಂಡ ಕುಂದರ್ರಿ, ನಾ ಒಯ್ತೇನಿ. ದಿನಾ ಸ್ವಲ್ಪ ಸ್ವಲ್ಪ ಹೋದ್ರಾತು." ಅವಳು ನಗಲು ನೋಡಿದಳು. "ಹೆಂಗೂ ನೋಡಿದವ್ರಿಗೆ ಗೊತ್ತಾಗೂದಿಲ್ಲಲ್ಲ."

ರಸ್ತೆಯ ಆಚೆ ಒಂದು ಎಮ್ಮೆ ಮಳೆಯಲ್ಲಿ ನಿಂತು ಮೆಲುಕು ಹಾಕುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ.

"ಕಾಲು ಹೋದ್ರ ಹೋಗ್ಲಿ ಬಿಡ್ರಿ," ಎಂದಳು ಕರುಣಾ. ಈ ಮಾತನ್ನು ಅವಳು ಬಹಳ ದಿನದಿಂದ ತನ್ನೊಳಗೇ ಹೇಳಿಕೊಂಡು ರೂಢಿ ಮಾಡಿಕೊಂಡಂತಿತ್ತು. "ಸಾಲಿಯಾಗ ಕುರ್ಚಿ ಹಾಕ್ಕೊಂಡ ಕುಂತು ಆಟ ಆಡಸ್ರಿ. ಮನ್ಯಾಗ ನಾ ಅದೇನಿ. ಎಷ್ಟ ಮಂದಿ ಕಾಲಿಲ್ದ ಬಾಳೇ ಮಾಡೂದಿಲ್ಲ? ಎಲ್ಲಾ ವಿಚಾರ ಮಾಡೇನಿ ನಾ." ಆಮೇಲೆ ದನಿ ಸ್ವಲ್ಪ ಇಳಿಯಿತು. "ಬರೇ ಕಾಲಷ್ಟ, ಹೌದಿಲ್ರಿ?"

ಗ್ಲಾಸಿನಲ್ಲಿ ಚಹಾ ಅಲುಗಾಡಿತು. ಅವನು ಇನ್ನೂ ಗಟ್ಟಿಯಾಗಿ ಹಿಡಿದ, ಅಲುಗುವುದು ನಿಲ್ಲಲಿಲ್ಲ. ಕರುಣಾಳ ಕಣ್ಣು ಅವನ ಮುಖದಿಂದ ಇಳಿದು ಆ ಎರಡು ಕೈಗಳ ಮೇಲೆ ಬಂತು. ಹಬೆಯಾಡುವ ಗ್ಲಾಸನ್ನು ಒಂದು ಕೈಯಲ್ಲಿ ಹಿಡಿದು ಮೈದಾನ ತುಂಬ ಓಡಾಡುತ್ತಿದ್ದ ಮನುಷ್ಯ ಅವನು.

"ಹೇಳ್ರಿ. ಕಾಲಷ್ಟ ಹೌದಿಲ್ಲೋ?"

ಅವನೂ ತನ್ನ ಕೈಗಳನ್ನೇ ನೋಡಿದ.

ಕರುಣಾ ಅವನ ಕೈಯಿಂದ ಗ್ಲಾಸು ತೆಗೆದುಕೊಂಡು ಬೆಂಚಿನ ಮೇಲಿಟ್ಟಳು. ಎದ್ದು ಹೊರಗೆ ಹೋದಳು. ಟೊಪ್ಪಿಗೆ ಎಳೆದುಕೊಳ್ಳಲಿಲ್ಲ.

ತಗಡಿನ ಸೂರಿನ ನೀರು ಸುರಿಯುವಲ್ಲೇ ಅವಳು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದಳು. ಕಡ್ಡಿಯಿಂದ ಮಡ್‌ಗಾರ್ಡಿನ ಎರೆಮಣ್ಣು ಕೆದರಿದಳು. ಆಮೇಲೆ ಕುಕ್ಕರಗಾಲಿನಲ್ಲಿ ಕೂತು, ಹಿಂದಿನ ಪೆಡಲನ್ನು ಕೈಯಿಂದ ಹಿಡಿದು ತಿರುಗಿಸತೊಡಗಿದಳು. ಗಾಲಿ ತಿರುಗಿ ರಾಡಿ ಸಿಡಿಯಿತು. ಅವಳ ಮುಖಕ್ಕೂ ಸಿಡಿಯಿತು. ಸ್ವಲ್ಪ ಹೊತ್ತಿಗೆ ಬರೀ ನೀರು ಸಿಡಿಯತೊಡಗಿತು.

ಕಟ್ಟಿಗೆ ಹೊತ್ತು ಬಂದ ಕಾಳವ್ವ ಬಾಗಿಲಲ್ಲಿ ನಿಂತಳು. "ಸಾಕ ಬಿಡವಾ, ರಾಡಿ ಎಲ್ಲಾ ಹೋಗೇತಲ್ಲ."

ಕರುಣಾ ತಿರುಗಿಸುತ್ತಲೇ ಇದ್ದಳು. ಮುಂದಿನ ಪೆಡಲುಗಳೂ ತಿರುಗುತ್ತಿದ್ದವು. ಬಿಚ್ಚಿದ ಪಟ್ಟಾಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ ಬರುತ್ತಿತ್ತು. ಅವಳು ಆ ಕಡೆ ನೋಡಲಿಲ್ಲ. ಬೆಂಚಿನ ಮೇಲೆ ಕೂತ ಅಂಬರೀಷ ನೋಡುತ್ತಿದ್ದ.