ಸದ್ದಿಲ್ಲದ ಚಪ್ಪಾಳೆ

ಸ್ಟಾಫ್ ರೂಮಿನಲ್ಲಿ ಕುಲಪತಿಗಳನ್ನು ಅಣಕಿಸುತ್ತ, ಅವರದೇ ಮೂಗಿನಿಂದ ಮಾತಾಡಿ ಮುಗಿಸಿ ಅವನು ಎದುರಿಗಿದ್ದ ಬಾಯಿಗಳನ್ನು ನೋಡಿದ. ಎರಡು ತೆರೆದಿದ್ದವು. ಮೂರನೆಯದು ಟೀ ಹೀರುತ್ತಿತ್ತು. ತೆರೆದವುಗಳಲ್ಲಿ ಹಲ್ಲು ಕಂಡದ್ದರಿಂದ ಅದು ನಗುವೇ ಇರಬೇಕು ಎಂದುಕೊಂಡ.

"ಹೇಗಿತ್ತು?"

ಇತಿಹಾಸದ ಮೇಷ್ಟ್ರು ಕರವಸ್ತ್ರ ತೆಗೆದು ಇಲ್ಲದ ಕಣ್ಣೀರನ್ನು ಒರೆಸಿಕೊಂಡರು. "ಚೆನ್ನಾಗಿತ್ತು ಗಿಳಿ ಮೇಷ್ಟ್ರೇ. ಧ್ವನಿ ಮಾತ್ರ ಸ್ವಲ್ಪ…"

"ಸ್ವಲ್ಪ?"

"ಏನಿಲ್ಲ ಬಿಡಿ. ಶೀತ ಆಗಿರ್ಬೇಕು ನಿಮ್ಗೆ."

ಶೀತ ಆಗಿರಲಿಲ್ಲ. ಹೋದ ವರ್ಷ ಎಡಗಿವಿ ಕೈಕೊಟ್ಟಿತ್ತು. ಈಚೆಗೆ ಬಲಗಿವಿಯೂ ಅದರ ಮಾತು ಕೇಳತೊಡಗಿತ್ತು. ಈ ಚಮತ್ಕಾರವನ್ನು ಯಾರಿಗೂ ಹೇಳುವಂತಿರಲಿಲ್ಲ. ಊರವರ ಧ್ವನಿಗಳನ್ನೆಲ್ಲ ಗಂಟಲಲ್ಲಿಟ್ಟುಕೊಂಡು ಮೆರೆದವನಿಗೆ ಕಿವಿ ಹೋಗುತ್ತಿದೆ ಎಂದು ತಿಳಿದರೆ ಜನ ಮೊದಲು ಅಯ್ಯೋ ಅನ್ನುತ್ತಾರೆ, ಆಮೇಲೆ ನಗುವುದನ್ನು ನಿಲ್ಲಿಸುತ್ತಾರೆ. ಅದಕ್ಕೇ ಗುಟ್ಟಾಗಿ ತುಟಿ ಓದುವುದನ್ನು ರೂಢಿಸಿಕೊಂಡಿದ್ದ. ದಪ್ಪ ಮೀಸೆಯವರ ಸಹವಾಸ ಬಿಟ್ಟಿದ್ದ.

ಒಮ್ಮೆ ಹೆಂಡತಿಯೇ ಎಳೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿದ್ದಳು. ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ವೈದ್ಯರು ಅವಳಿಗೆ ಏನೋ ಹೇಳಿದರು. ಏನೆಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕಿವಿಗೆಂದು ಕೊಟ್ಟ ಯಂತ್ರ ಮೇಜಿನ ಖಾನೆಯಲ್ಲಿ ಕಳೆದುಹೋದ ಗುಂಡಿಗಳ ಜೊತೆ ಇತ್ತು.

ವಿಶ್ವವಿದ್ಯಾಲಯದ ನಿರಂತರ ಶಿಕ್ಷಣ ವಿಭಾಗಕ್ಕೆ ಅವನೇ ಮುಖ್ಯಸ್ಥ. ಅದಕ್ಕೆ ನಿರಂತರ ಶಿಕ್ಷೆ ಎಂದು ಹೆಸರಿಟ್ಟವನೂ ಅವನೇ. ಎಂಟರಿಂದ ಎಂಬತ್ತರವರೆಗೆ ಯಾರು ಬೇಕಾದರೂ ಬಂದು ಸಂಜೆ ಕಲಿಯಬಹುದು. ನಿವೃತ್ತ ರೈಲು ಚಾಲಕ ನಕ್ಷತ್ರಗಳ ದಾರಿ ಕಲಿಯುತ್ತಿದ್ದ. ದಂತವೈದ್ಯೆಯೊಬ್ಬಳು ಮಣ್ಣಿನಲ್ಲಿ ಹೂಜಿ ಮಾಡಲು ಹೋಗಿ ಪ್ರತಿ ಸಲವೂ ದವಡೆ ಮಾಡುತ್ತಿದ್ದಳು. ಹತ್ತು ಜನ ಸೇರದ ತರಗತಿಯನ್ನು ಮುಚ್ಚಬೇಕೆಂಬುದು ನಿಯಮ. ಇವತ್ತು ಮುಚ್ಚುವ ದಿನ.

ಸನ್ನೆ ಭಾಷೆಯ ತರಗತಿ ಮುಚ್ಚಿಯೇ ಮುಚ್ಚುತ್ತದೆಂದು ಅವನು ಮೊದಲೇ ಹೇಳಿದ್ದ. ಅದನ್ನು ಕಲಿಸುವ ಯುವತಿಗೆ ಹುಟ್ಟಿನಿಂದ ಕಿವಿ ಕೇಳದು. ಸಂದರ್ಶನದ ದಿನ ಅವಳು ಎರಡೂ ಕೈಯೆತ್ತಿ ಅಂಗೈ ಅಲ್ಲಾಡಿಸಿ ತೋರಿಸಿದ್ದಳು: ಇದು ನಮ್ಮ ಚಪ್ಪಾಳೆ. ಸಂಜೆ ಸ್ಟಾಫ್ ರೂಮಿನಲ್ಲಿ ಅವನು ಅದನ್ನೇ ಮಾಡಿ, ಕಣ್ಣು ಮೇಲೆ ಸಿಕ್ಕಿಸಿಕೊಂಡು, "ಬಾವಿಗೆ ಬಿದ್ದೋರೂ ಹೀಗೇ ಮಾಡೋದು" ಅಂದಿದ್ದ. ಆ ನಗು ಅವನಿಗೆ ಕೇಳಿಸಿತ್ತು. ಕೇಳಿಸಿದ ಕೊನೆಯ ಒಳ್ಳೆಯ ನಗು ಅದು.

ಗುಮಾಸ್ತೆ ಮೇಜಿನ ಹಿಂದೆ ಎದ್ದು ನಿಂತಿದ್ದಳು.

"ಹನ್ನೊಂದನೇ ಕೋಣೇಲಿ, ಆ ಸನ್ನೆ ಕ್ಲಾಸಲ್ಲಿ, ಎಷ್ಟಿದ್ದಾರಮ್ಮ?"

"ಹತ್ತು ಸರ್."

"ಹೋದ ತಿಂಗಳು ಏಳಿತ್ತು."

"ಮೂರು ಜನ ಸೇರಿದ್ರು."

"ಹೆಸರಿಗೆ ಸೇರ್ಸಿದ್ಯಾ?"

"ಇಲ್ಲ ಸರ್. ತಪ್ಪದೆ ಬರ್ತಾರೆ. ಒಂದೇ ಮನೆಯವ್ರು."

"ಪಾಪ. ಮನೇಲಿ ಯಾರಿಗೋ ಕಿವುಡಿರ್ಬೇಕು."

ಅವಳು ಮೇಜಿನ ಮೇಲಿದ್ದ ಬೀಗದ ಕೈಯನ್ನು ಆ ಕಡೆಯಿಂದ ಈ ಕಡೆಗಿಟ್ಟಳು. "ಇರ್ಬೇಕು ಸರ್."

"ನಾನೇ ನೋಡ್ಕೊಂಡು ಬರ್ತೀನಿ."

"ನಾನು ಹೋಗ್ತೀನಿ ಸರ್. ನಿಮಗ್ಯಾಕೆ ಮೆಟ್ಟಿಲು."

"ಕಾಲು ಚೆನ್ನಾಗಿದೆ ನಂದು."

ಮೆಟ್ಟಿಲು ಹತ್ತುತ್ತ ಬೆಳಿಗ್ಗೆ ಹೆಂಡತಿಯೊಡನೆ ಆಡಿದ ಮಾತು ನೆನಪಾಯಿತು.

"ಇವತ್ತು ತಡವಾಗುತ್ತಾ?"

"ಆಗುತ್ತೆ."

"ಒಳ್ಳೇದು."

"ಏನು ಒಳ್ಳೇದು?"

"ಏನಿಲ್ಲ, ಸುಮ್ನೆ ಅಂದೆ."

ವಾರದಲ್ಲಿ ಎರಡು ಸಂಜೆ ಅವಳು ಮಾವನನ್ನು ಮೊಣಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಮಗಳನ್ನು ಅದೇ ದಾರಿಯಲ್ಲಿ ಗಣಿತದ ಪಾಠಕ್ಕೆ ಬಿಡುತ್ತಿದ್ದಳು. ಖಾಲಿ ಮನೆ ಅವನಿಗೂ ಬೇಕಾಗಿತ್ತು. ಕನ್ನಡಿ ಮುಂದೆ ನಿಂತು ಧ್ವನಿಗಳ ತಾಲೀಮು ಮಾಡುತ್ತಿದ್ದ. ಕೇಳುವವರು ಯಾರೂ ಇರುತ್ತಿರಲಿಲ್ಲ, ಅವನನ್ನೂ ಸೇರಿಸಿ. ಈಚೆಗೆ ಮಗಳ ಬೆರಳುಗಳು ಊಟದ ಮೇಜಿನ ಕೆಳಗೆ ಕುಣಿಯುತ್ತಿದ್ದವು. ಮಗ್ಗಿ ಎಣಿಸುತ್ತಿದ್ದಾಳೆಂದುಕೊಂಡಿದ್ದ.

ಹನ್ನೊಂದನೆಯ ಕೋಣೆಯ ಬಾಗಿಲಿಗೆ ಮುಖದಳತೆಯ ಗಾಜಿತ್ತು. ಒಳಗೆ ದೀಪ, ಕಾರಿಡಾರಿನಲ್ಲಿ ಮಬ್ಬು. ಅವನು ಬಾಗಿ ತಲೆಗಳನ್ನು ಎಣಿಸತೊಡಗಿದ.

ನಾಲ್ಕನೆಯ ತಲೆಗೆ ಮಗಳ ಜಡೆಯಿತ್ತು.

ಐದನೆಯದು ಹೆಂಡತಿ. ಬೆನ್ನು ಸಾಕಾಯಿತು ಗುರುತಿಗೆ. ಎಣಿಕೆ ಅಲ್ಲೇ ನಿಂತಿತು. ಗಣಿತದ ಪಾಠ ಇಲ್ಲಿಗೆ ಯಾವಾಗ ಬಂತು ಎಂದು ಕೇಳಿಕೊಂಡ, ಮೂರ್ಖನಂತೆ. ಅಷ್ಟರಲ್ಲಿ ಮುಂದಿನ ಕುರ್ಚಿಯಿಂದ ಅಪ್ಪ ಎದ್ದ.

ಅಪ್ಪ ಅವನ ಮಿಮಿಕ್ರಿಯನ್ನು ಒಮ್ಮೆಯೂ ಪೂರ್ತಿ ನೋಡಿದವನಲ್ಲ. "ನಿಲ್ಸೋ ನಿನ್ನ ಮಂಗಾಟ" ಎಂದು ಮಧ್ಯದಲ್ಲೇ ಎದ್ದುಹೋಗುತ್ತಿದ್ದ. ಆ ಬೈಗುಳವನ್ನೂ, ಅದರ ಕೊನೆಯ ಕೆಮ್ಮನ್ನೂ ಅವನು ಅಪ್ಪನಿಗಿಂತ ಚೆನ್ನಾಗಿ ಆಡಿ ತೋರಿಸಬಲ್ಲವನಾಗಿದ್ದ.

ಈಗ ಅಪ್ಪ ಕಾಲರ್ ಎಳೆದುಕೊಂಡ. ಗದ್ದ ಎತ್ತಿದ. ಎದೆಯ ಮೇಲೆ ಅಂಗೈ ಇಟ್ಟು, ಕುತ್ತಿಗೆ ಹೊರಳಿಸಿ, ಬಾಯಿ ಅಗಲಿಸಿದ. ಎಲ್ಲೋ ನೋಡಿದ ಆಸಾಮಿ, ಅಂದುಕೊಂಡ ಅವನು. ಮರುಗಳಿಗೆ ಗುರುತು ಸಿಕ್ಕಿತು. ಅದು ಅವನೇ.

ತಪ್ಪು ಹುಡುಕಿದ. ಒಂದೂ ಇರಲಿಲ್ಲ. ಒಂದು ಸದ್ದೂ ಇಲ್ಲದೆ ಮುದುಕ ಅವನನ್ನು ಇಡಿಯಾಗಿ ಎತ್ತಿಕೊಂಡಿದ್ದ.

ಆಮೇಲೆ ಅಪ್ಪ ಬಾಯಿ ಮುಚ್ಚಿದ. ಎದುರು ಕೂತವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದ. ಕಣ್ಣನ್ನಲ್ಲ, ತುಟಿಗಳನ್ನು. ಈ ತುಟಿಯಿಂದ ಆ ತುಟಿಗೆ, ಕದಿಯುವವನ ಹಾಗೆ, ಸಿಕ್ಕಿಬಿದ್ದೆನೇನೋ ಎಂದು ಹೆದರುವವನ ಹಾಗೆ. ಕೊನೆಗೆ, ಏನೂ ಅರ್ಥವಾಗದೆ, ನಕ್ಕ.

ಯಾರೂ ನಗಲಿಲ್ಲ.

ಅವರಿಗೆಲ್ಲ ಗೊತ್ತಿತ್ತು. ಊಟದ ಮೇಜಿನಲ್ಲಿ ಇಷ್ಟು ದಿನ ಅವನು ಮುಚ್ಚಿಟ್ಟದ್ದನ್ನೆಲ್ಲ ಎದುರಿಗೆ ಕೂತು ನೋಡುತ್ತಿದ್ದರು. ಬಾಗಿಲಲ್ಲಿ ವೈದ್ಯರು ಹೇಳಿದ ಮಾತು ಕೊನೆಗೂ ಅವನನ್ನು ತಲುಪಿತು: ಉಳಿದ ಕಿವಿಯೂ ಪೂರ್ತಿ ಹೋಗುತ್ತದೆ.

ಕಲಿಸುವ ಯುವತಿ ಮಗಳನ್ನು ಸನ್ನೆಯಲ್ಲಿ ಏನೋ ಕೇಳಿದಳು. ಮಗಳು ತೋರುಬೆರಳನ್ನು ಬಾಗಿಸಿ ಮೂಗಿನ ಮೇಲಿಟ್ಟು ತೋರಿಸಿದಳು: ಗಿಳಿಯ ಕೊಕ್ಕು. ಎಲ್ಲರೂ ಅದನ್ನೇ ಮಾಡಿದರು. ರೈಲು ಚಾಲಕನೂ ಅಲ್ಲಿದ್ದ, ನಕ್ಷತ್ರ ಬಿಟ್ಟು. ಹತ್ತು ಮೂಗುಗಳ ಮೇಲೆ ಅವನ ಹೊಸ ಹೆಸರು ಕೂತಿತು. ಹೆಂಡತಿಗೆ ಬೆರಳು ಸರಿಯಾಗಿ ಬಾಗಲಿಲ್ಲ. ಮಗಳು ಹಿಡಿದು ಬಾಗಿಸಿದಳು.

ಓಡಿಹೋಗಬೇಕೆನಿಸಿತು. ಭುಜದ ಮೇಲೆ ಕೈಯೊಂದು ಬಿದ್ದು ಬೆಚ್ಚಿದ. ಗುಮಾಸ್ತೆ. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ.

"ಮುಚ್ಚೋದಾ ಸರ್?" ಅವಳ ತುಟಿ ಹೇಳಿತು, ಬಿಡಿಸಿ ಬಿಡಿಸಿ, ಮಗುವಿಗೆ ಹೇಳುವಂತೆ. ಅವಳು ಅವನೊಡನೆ ಯಾವತ್ತೂ ಹೀಗೇ ಮಾತಾಡುತ್ತಿದ್ದಳೆಂದು ಆಗ ಹೊಳೆಯಿತು.

ಅವನು ಉತ್ತರ ಕೊಟ್ಟ. ಕೊಟ್ಟೆನೆಂದುಕೊಂಡ. ಗಂಟಲು ಅದುರಿದ್ದು ಮಾತ್ರ ಗೊತ್ತಾಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದು ಕಾರಿಡಾರಿನ ದೀಪ ಹಾಕಿದಳು.

ಮಗಳು ತಿರುಗಿದಳು. ಆಮೇಲೆ ಹೆಂಡತಿ. ಆಮೇಲೆ ಎಲ್ಲರೂ.

ನಂತರ ಮಗಳ ಎರಡು ಕೈಗಳು ಮೇಲೆದ್ದು ಅಲ್ಲಾಡಿದವು. ಅವಳ ಹಿಂದೆ ಉಳಿದವರವು. ಬೆರಳುಗಳ ಆ ಕಾಡಿನಲ್ಲಿ ಅಪ್ಪನ ಕೈ ಎಲ್ಲರದಕ್ಕಿಂತ ಚೆನ್ನಾಗಿ, ಯಾವ ಪ್ರಯತ್ನವೂ ಇಲ್ಲದೆ ನಡುಗುತ್ತಿತ್ತು.

ದೀಪದ ಬೆಳಕಿಗೆ ಗಾಜಿನಲ್ಲಿ ಒಂದು ಮುಖ ಮೂಡಿತ್ತು. ಅಲ್ಲಾಡುವ ಕೈಗಳ ನಡುವೆ, ಕತ್ತಿನವರೆಗೆ ಮುಳುಗಿ, ಬಾಯಿ ತೆರೆದು ಅದು ಏನನ್ನೋ ಕೂಗುತ್ತಿತ್ತು. ಅವನು ಇನ್ನಷ್ಟು ಬಾಗಿ ಅದರ ತುಟಿಗಳನ್ನು ಓದಲು ನೋಡಿದ.