ಕೂಸುಮರಿ ಚೀಲ

ಬೀಗ ರಿಪೇರಿಯವನ ಎಡಗೈಯಲ್ಲಿ ಮೂರು ಬೆರಳುಗಳಿಗೆ ಮಾತ್ರ ಜೀವವಿತ್ತು. ಮದುವೆಗೂ ಮುಂಚೆ ಬೈಕಿನಿಂದ ಬಿದ್ದು ಭುಜದ ನರ ಹರಿದಿತ್ತು. ಕೈ ಉಳಿಯಿತು, ಅದರ ಬಲ ಉಳಿಯಲಿಲ್ಲ. ಬೀಗಗಳಿಗೆ ಮೂರು ಬೆರಳು ಸಾಕಾಗುತ್ತಿದ್ದವು. ಮಗುವಿಗೆ ಸಾಲುತ್ತಿರಲಿಲ್ಲ.

ಮಗಳು ಹುಟ್ಟಿದಂದಿನಿಂದ ಅವನು ಅವಳನ್ನು ಎತ್ತಿಕೊಂಡದ್ದೆಲ್ಲ ಕೂತೇ. ಮಂಚದ ಮೇಲೆ ಗೋಡೆಗೆ ಒರಗಿ, ಸುತ್ತ ದಿಂಬಿನ ಕೋಟೆ ಕಟ್ಟಿಕೊಂಡ ಮೇಲೆ ಯಾರಾದರೂ ತಂದು ಮಡಿಲಿಗೆ ಹಾಕಬೇಕು. ಎದ್ದು ಕಿಟಕಿಯವರೆಗೆ ಹೋಗಿ ಒಂದು ಕಾಗೆ ತೋರಿಸುವ ಧೈರ್ಯವನ್ನೂ ಅವನು ಮಾಡಿರಲಿಲ್ಲ. ಈಗಂತೂ ಮಗಳು ಮೈ ತುಂಬಿಕೊಂಡು, ಸೋಫಾ ಹಿಡಿದು ನಿಲ್ಲಲು ಕಲಿತು, ಕೂತಲ್ಲಿ ಕೂರುತ್ತಿರಲಿಲ್ಲ. ಅವಳ ಭಾರ ನೋಡಿ ಅವಳ ಚಿಕ್ಕಮ್ಮ, ಅಂದರೆ ಅವನ ನಾದಿನಿ, ‘ಗಡಿಗೆ’ ಎಂದು ಕರೆದದ್ದು ಮನೆಯಲ್ಲೆಲ್ಲ ಹಾಗೇ ಅಂಟಿಕೊಂಡಿತ್ತು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವಳ ರಜೆ ಮುಗಿಯುತ್ತ ಬಂದಿತ್ತು. ಬೆಳಗಿನ ಪಾಳಿ ಅವಳದು. ಅವನ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇದ್ದದ್ದರಿಂದ ಮಧ್ಯಾಹ್ನದವರೆಗೆ ಗಡಿಗೆಯನ್ನು ಅವನೇ ನೋಡಿಕೊಳ್ಳುವುದೆಂದು ಯಾವತ್ತೋ ಮಾತಾಗಿತ್ತು. ಆಗ ಹೂಂ ಅಂದವನಿಗೆ ದಿನ ಹತ್ತಿರ ಬಂದಂತೆ ಊಟ ಸೇರಲಿಲ್ಲ.

“ಎಲ್ಲಾದ್ರೂ ಶಿಶುವಿಹಾರಕ್ಕೆ ಬಿಡೋಣ್ವಾ?” ಎಂದ, ಹೆಂಡತಿ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಾಗ.

“ಯಾಕೆ, ನಿಂಗೆ ಅವಳು ಬೇಡ್ವಾ?”

“ಬೇಕು. ಬೀಳಿಸಿಬಿಟ್ರೆ?”

ಆ ಮಾತನ್ನು ಅವನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಹೆಂಡತಿ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಅವನ ಮುಖ ನೋಡಿದಳು. “ಬೆನ್ನಿಗೆ ಹಾಕ್ಕೋ. ಅದಕ್ಕೆ ಅಂತಾನೇ ಚೀಲ ಸಿಗುತ್ತೆ” ಎಂದಳು.

ಸುದ್ದಿ ನಾದಿನಿಯ ಕಿವಿಗೆ ಬಿದ್ದದ್ದೇ ತಡ, ಅವಳು ತನ್ನ ಮಗನನ್ನು ಹೊತ್ತಿದ್ದ ಚೀಲವನ್ನು ಅಟ್ಟದಿಂದ ಇಳಿಸಿ, ತೊಳೆದು ತಂದೇಬಿಟ್ಟಳು. “ನನ್ನ ತುಂಟನ್ನ ಹೊತ್ತಿದ್ದು ಇದು. ಆನೆ ಮರೀನೂ ತಡೆಯುತ್ತೆ.” ಚೀಲವೇನೋ ತಡೆಯುತ್ತಿತ್ತು, ಅವನ ಭುಜ ತಡೆಯಲಿಲ್ಲ. ಅದರ ಪಟ್ಟಿಗಳು ಪೂರ್ತಿ ಭಾರವನ್ನು ಹೆಗಲಿಗೇ ಹೇರುತ್ತಿದ್ದವು. ಮಗುವನ್ನು ಕೂರಿಸಿ ಅಡುಗೆಮನೆ ಮುಟ್ಟುವಷ್ಟರಲ್ಲಿ ಎಡಗೈ ಜೋಮು ಹಿಡಿದು, ಇದ್ದ ಮೂರು ಬೆರಳೂ ಮರಗಟ್ಟಿದವು. ಸಾಲದ್ದಕ್ಕೆ ಅದರ ಕೊಂಡಿ ಇದ್ದದ್ದು ಬೆನ್ನ ಹಿಂದೆ.

“ಇನ್ನೊಬ್ಬರು ಹಾಕ್ಬೇಕು ಇದನ್ನ” ಎಂದ.

“ನಮ್ಮೆಜಮಾನ್ರು ಹಾಕ್ತಿದ್ರಪ್ಪ” ಎಂದಳು ನಾದಿನಿ. ಮರುಕ್ಷಣವೇ, ಬೆಳಿಗ್ಗೆ ಅವನ ಜೊತೆ ಯಾರೂ ಇರುವುದಿಲ್ಲವೆಂದು ನೆನಪಾಗಿ ಪೆಚ್ಚಾದಳು.

ಭಾನುವಾರ ಮೂವರೂ ಗಡಿಗೆಯನ್ನು ಕರೆದುಕೊಂಡು ಮಕ್ಕಳ ಸಾಮಾನಿನ ದೊಡ್ಡ ಅಂಗಡಿಗೆ ಹೋದರು. ಮಾರುವ ಹೆಂಗಸು ತಾಳ್ಮೆಯವಳು. ನಿಜವಾದ ಮಗುವಿನಷ್ಟೇ ತೂಕದ ಮರಳು ತುಂಬಿದ ಗೊಂಬೆಯೊಂದನ್ನು ತಂದು, “ಮೊದ್ಲು ಇದರಲ್ಲಿ ನೋಡಿ ಸಾರ್” ಎಂದಳು. ಎದೆಗೆ ಅಡ್ಡ ಕಟ್ಟುವ ಉದ್ದನೆಯ ಬಟ್ಟೆಯನ್ನು ಎಲ್ಲಕ್ಕಿಂತ ಮೆತ್ತಗಿದೆ ಎಂದು ತೋರಿಸಿದಳು. ಬಗ್ಗಿ ಗೊಂಬೆಯನ್ನು ಬೆನ್ನ ಮೇಲೆ ಮಲಗಿಸಿಕೊಂಡು, ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದರಲ್ಲಿ ಬಟ್ಟೆ ಸುತ್ತಬೇಕು. ಅವನು ಎಡಗೈಯಲ್ಲಿ ಹಿಡಿದ. ಬಲಗೈ ಬಟ್ಟೆಯ ತುದಿಗೆ ತಡಕಾಡುವಾಗ ಗೊಂಬೆ ನಿಧಾನವಾಗಿ ಜಾರುವುದು ಬೆನ್ನಿಗೆ ಗೊತ್ತಾಗುತ್ತಿತ್ತು, ತಡೆಯಲು ಕೈಗೆ ಆಗುತ್ತಿರಲಿಲ್ಲ.

ಧೊಪ್ಪೆಂದು ನೆಲಕ್ಕೆ ಬಿತ್ತು.

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಬಟ್ಟೆಯನ್ನು ಹಾಗೇ ಬಿಚ್ಚಿಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತ. ನಾದಿನಿ ಗಡಿಗೆಯನ್ನು ಅವುಚಿಕೊಂಡಳು.

ಹೆಂಡತಿ ಹಿಂದೆಯೇ ಬಂದಳು. “ಬಿದ್ದಿದ್ದು ಮರಳು.”

“ಇವತ್ತು ಮರಳು.”

ಅವಳು ಸಮಾಧಾನ ಹೇಳಲು ಹೋಗಲಿಲ್ಲ. ಪಕ್ಕದಲ್ಲಿ ನಿಂತು ರಸ್ತೆ ನೋಡುತ್ತ ಯೋಚಿಸಿದಳು. ಕೊನೆಗೆ, “ವಾರ್ಡಲ್ಲಿ ನಾವು ನಮಗಿಂತ ಎರಡರಷ್ಟು ತೂಕದೋರನ್ನ ಎಬ್ಬಿಸ್ತೀವಿ. ತೋಳಿನ ಬಲದಿಂದ ಅಂದ್ಕೊಂಡ್ಯಾ? ಮಂಚಾನ ನಮ್ಮ ಸೊಂಟದ ಮಟ್ಟಕ್ಕೆ ಏರಿಸ್ಕೊಂಡು, ಮೈಯಿಂದ ಎಬ್ಬಿಸ್ತೀವಿ. ನೀನು ಅವಳನ್ನ ಬೆನ್ನಿಗೆ ಎತ್ತಿ ಹಾಕ್ಕೊಳ್ಳೋದೇ ಬೇಡ. ಅವಳು ಮೇಜಿನ ಮೇಲೆ ಕೂತಿರ್ಲಿ, ನೀನೇ ಹೋಗಿ ಬೆನ್ನು ಕೊಡು” ಎಂದಳು.

ಅವನು ತಿರುಗಿ ಅವಳನ್ನು ನೋಡಿದ. “ಅಂಥದ್ದು ಇದ್ಯಾ?”

“ಕೇಳೋಣ. ಇಲ್ಲ ಅಂದ್ರೆ ಇಲ್ಲ.”

ಇತ್ತು. ಬೆಟ್ಟ ಹತ್ತುವವರು ಮಗುವನ್ನು ಹೊತ್ತೊಯ್ಯುವ ಚೀಲವಂತೆ. ಅಲ್ಯೂಮಿನಿಯಂ ಚೌಕಟ್ಟು, ಹಿಂದಕ್ಕೆ ಚಾಚಿಕೊಳ್ಳುವ ಕಾಲು, ಪುಟ್ಟ ಕುರ್ಚಿಯ ಹಾಗೆ ತಾನೇ ನಿಲ್ಲುತ್ತಿತ್ತು. “ಪೇಟೆಯೋರು ಯಾರೂ ಕೇಳಲ್ಲ ಅಂತ ಮೇಲಿಟ್ಟಿದ್ವಿ” ಎನ್ನುತ್ತ ಮಾರುವವಳು ಅದನ್ನು ಕೌಂಟರಿನ ಮೇಲೆ ನಿಲ್ಲಿಸಿ ಗೊಂಬೆಯನ್ನು ಕೂರಿಸಿ ಪಟ್ಟಿ ಬಿಗಿದಳು. ಅವನು ಬೆನ್ನು ತಿರುಗಿಸಿ ನಿಂತು ಮೊದಲು ಎಡಗೈಯನ್ನು ತೂರಿಸಿದ, ಆಮೇಲೆ ಬಲಗೈ. ಸೊಂಟದ ಪಟ್ಟಿಯ ಕೊಂಡಿ ಮುಂದಕ್ಕೇ ಇತ್ತು. ಬಲಗೈಯಲ್ಲಿ ಒತ್ತಿದ, ಟಕ್ಕೆಂದಿತು.

ಮೊದಲ ಸಲ ಕೆಳಗಿನ ಸರಳು ಬೆನ್ನೆಲುಬಿನ ಬುಡಕ್ಕೆ ಒತ್ತಿತು. ಮಾರುವವಳು ಬೆನ್ನಿನ ಅಳತೆಯನ್ನು ಮೇಲಕ್ಕೆ ಸರಿಸಿದಳು. ಆಗ ಪಟ್ಟಿ ಸರಿಯಾಗಿ ಸೊಂಟದ ಮೂಳೆಗಳ ಮೇಲೆ ಕೂತು, ಭಾರವೆಲ್ಲ ಅಲ್ಲಿಗಿಳಿಯಿತು. ಎಡಭುಜದ ಪಟ್ಟಿಯ ಕೆಳಗೆ ಒಂದು ಬೆರಳು ಆಡುವಷ್ಟು ಜಾಗವಿತ್ತು. ಅಂಗಡಿಯುದ್ದಕ್ಕೂ ನಡೆದ, ಬಗ್ಗಿದ, ಎದ್ದ. ಜೋಮು ಬರಲಿಲ್ಲ.

“ಗಡಿಗೇನ ಕೂರಿಸ್ಲಾ ಭಾವ?” ನಾದಿನಿ ಮೆಲ್ಲಗೆ ಕೇಳಿದಳು.

ಕೂರಿಸಿದರು. ಅವನು ಕಾಲು ಗಟ್ಟಿಯಾಗಿ ಊರಿಕೊಂಡು ಕೌಂಟರಿನಿಂದ ಒಂದು ಹೆಜ್ಜೆ ಮುಂದಿಟ್ಟ. ಹಿಂದಿನಿಂದ ಬೆಚ್ಚಗಿನ ಉಸಿರು ಕುತ್ತಿಗೆಗೆ ತಾಗಿತು, ಎಂಜಲು ಕೈಯೊಂದು ಕಿವಿಯನ್ನು ಹಿಡಿದು ಎಳೆಯಿತು. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಧೂಳು ಬಿತ್ತು ಅಂದ. ಯಾರೂ ಏನೂ ಕೇಳಿರಲಿಲ್ಲ.

ಹೆಂಡತಿ ಕೆಲಸಕ್ಕೆ ಹೋದ ಮೊದಲ ಬೆಳಿಗ್ಗೆ ಅವನು ಗಡಿಗೆಯನ್ನು ಚಾಪೆಯ ಮೇಲೆ ಆಡಲು ಬಿಟ್ಟು ಕೀಲಿ ಉಜ್ಜುತ್ತಿದ್ದ. ಆಗ ಅದೇ ಕಟ್ಟಡದ ಮೂರನೇ ಮಹಡಿಯ ನಿವೃತ್ತ ಟೀಚರು ಬರಿಗಾಲಲ್ಲಿ ಏದುಸಿರು ಬಿಡುತ್ತ ಬಂದರು. ಕಸ ಹಾಕಲು ಹೊರಬಂದಾಗ ಬಾಗಿಲು ತಾನೇ ಹಾಕಿಕೊಂಡಿತ್ತು. ಒಲೆಯ ಮೇಲೆ ಹಾಲು.

ಅವನು ಚಾಪೆಯ ಕಡೆ ನೋಡಿದ. ಬಿಟ್ಟು ಹೋಗುವಂತಿರಲಿಲ್ಲ. ಬೆನ್ನಿನ ಚೀಲವನ್ನು ಮೇಜಿನ ಮೇಲೆ ನಿಲ್ಲಿಸಿದ.

“ಟೀಚರೇ, ಅವಳನ್ನ ಎತ್ತಿ ಇದರಲ್ಲಿ ಕೂರಿಸಿ. ಆ ಕೆಂಪು ಪಟ್ಟಿ ಎಳೀರಿ. ಇನ್ನೂ ಬಿಗಿ. ಹಾಂ.”

ಬೆನ್ನು ಕೊಟ್ಟ, ಎಡಗೈ, ಬಲಗೈ, ಟಕ್. ಸಾಮಾನಿನ ಚೀಲ ಟೀಚರ ಕೈಗೆ ಕೊಟ್ಟು, ಕಂಬಿ ಹಿಡಿದು ಮೆಟ್ಟಿಲು ಹತ್ತಿದ. ಪ್ರತಿ ತಿರುವಿನಲ್ಲೂ ಬೆನ್ನ ಮೇಲಿನ ಭಾರ ಅವನೊಂದಿಗೇ ತಿರುಗಿತು, ಒಂದಿಷ್ಟೂ ಓಲಾಡಲಿಲ್ಲ. ಬಾಗಿಲ ಸಂದಿಯಿಂದ ಸೀದ ವಾಸನೆ ಬರುತ್ತಿತ್ತು. ಅವನು ಮಂಡಿಯೂರಿ, ಎಡಗೈಯ ಮೂರು ಬೆರಳಲ್ಲಿ ಬಾಗಿದ ಕಡ್ಡಿ ಹಿಡಿದು, ಬಲಗೈಯಿಂದ ಬೀಗದ ಒಳಗನ್ನು ತಡವತೊಡಗಿದ. ಗಡಿಗೆ ಅವನ ಕೂದಲನ್ನು ಲಗಾಮಿನ ಹಾಗೆ ಹಿಡಿದು ಉತ್ಸಾಹದಿಂದ ಕುಣಿದಳು.

“ಕೂದಲು ಬಿಡಿಸ್ಲೇನಪ್ಪ?” ಟೀಚರು ಗಾಬರಿಯಾದರು.

“ಹಿಡ್ಕೊಂಡಿರ್ಲಿ ಬಿಡಿ” ಎಂದ. “ಎಲ್ಲಿದ್ದಾಳೆ ಅಂತ ಗೊತ್ತಾಗುತ್ತೆ.”

ಬೀಗ ತೆರೆಯಿತು. ಟೀಚರು ಒಳಗೆ ನುಗ್ಗಿ ಒಲೆ ಆರಿಸಿದರು. ಪಾತ್ರೆ ಕಪ್ಪಾಗಿತ್ತು, ಅಷ್ಟೇ. ಅವರು ಕುರ್ಚಿಯಲ್ಲಿ ಕುಸಿದು ಕೂತು ನಗಲಾರಂಭಿಸಿದರು. ಹೊಗೆ ಹೋಗಲೆಂದು ಕಿಟಕಿ ತೆಗೆಯಲು ಹೇಳಿದ್ದರಿಂದ ಅವನು ಅಲ್ಲಿಗೆ ಹೋದ. ಎದುರಿನ ತಂತಿಯ ಮೇಲೆ ಕಾಗೆಗಳು ಸಾಲಾಗಿದ್ದವು. ಗಡಿಗೆ ಕಂಡವಳೇ ಏನೋ ಕೂಗಿದಳು. ಅವನು ಅವುಗಳು ಹಾರಿಹೋಗುವವರೆಗೂ ನಿಂತೇ ಇದ್ದ.

ಮಧ್ಯಾಹ್ನ ಹೆಂಡತಿ ಚಪ್ಪಲಿಯನ್ನೂ ಬಿಚ್ಚದೆ ಒಳಗೆ ಬಂದಳು. ಗಡಿಗೆ ನಿದ್ದೆಹೋಗಿದ್ದಳು. ಅವನು ಸೊಂಟಕ್ಕೆ ಕೈ ಕೊಟ್ಟುಕೊಂಡು ಅಡುಗೆಮನೆಯಲ್ಲಿ ನಿಂತಿದ್ದ.

“ಏನಾಯ್ತು? ಭುಜಾನಾ?”

“ಭುಜಕ್ಕೇನಾಗಿಲ್ಲ. ಸೊಂಟ ಹಿಡ್ಕೊಂಡಿದೆ. ನಿನ್ನ ಮಗಳು ಏನು ಭಾರ ಮಾರಾಯ್ತಿ” ಎಂದ, ತೀರ ಹೆಮ್ಮೆಯಿಂದ.

ಅವಳು ಬಾಗಿಲಿಗೆ ಒರಗಿ ದೀರ್ಘವಾಗಿ ಉಸಿರುಬಿಟ್ಟಳು. ಆಮೇಲೆ ಚಪ್ಪಲಿ ಬಿಚ್ಚಲು ಹೋದಳು.